ಚೌಕಟ್ಟಿಗೆ ಹಿಡಿಯದ ಸಾಲುಗಳು

ಕಂಪ್ಯೂಟರಿನಲ್ಲಿ ಶೆಟ್ಟಿ ಮಾಮನ ಲೇಖನದ ಚೌಕಟ್ಟಿನ ಮೂಲೆಗೆ ಸಣ್ಣ ಕೆಂಪು ಗುರುತು ಬಂತು. ಜಾಗ ಸಾಲದೆ ಕೊನೆಯ ಸಾಲುಗಳು ಕಾಣದೆ ಉಳಿದಿವೆ ಎಂದು ಅದರ ಅರ್ಥ. ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಕರಡು ನೋಡಲು ನಾನು ವಾಗ್ಳೆ ಎಸ್ಟೇಟಿನ ಪ್ರೆಸ್ಸಿನಲ್ಲಿ ಕೂತಿದ್ದೆ. ಮಾಮ ಪಕ್ಕದಲ್ಲೇ ಇದ್ದರು. ಲೇಖನ, ತೀರಿಕೊಂಡ ಅವರ ಹೆಂಡತಿಯ ಬಗ್ಗೆ.

ಪುಟ ಜೋಡಿಸುತ್ತಿದ್ದ ಮರಾಠಿ ಹುಡುಗಿ ಸ್ವಾತಿಗೆ ಕನ್ನಡ ಬಾರದು. ಅಕ್ಷರ ಚಿಕ್ಕದು ಮಾಡಿದಳು, ಸಾಲುಗಳನ್ನು ಒತ್ತಿದಳು. ಕೆಂಪು ಗುರುತು ಹೋಗಲಿಲ್ಲ. ಒಳಗಿನಿಂದ ಮಾಲೀಕರು "ಫೈಲ್ ಎಲ್ಲಿ?" ಎಂದು ಮತ್ತೆ ಕೂಗಿದರು.

"ಕಾಕೂ, ಶೇವಟಚ್ಯಾ ಓಳೀ ಕಾಢೂ ಕಾ?" ಕೊನೆಯ ಸಾಲು ತೆಗೆಯಲೇ ಎನ್ನುತ್ತಾ ಸ್ವಾತಿ ಡಿಲೀಟ್ ಕೀ ಮೇಲೆ ಬೆರಳಿಟ್ಟಳು.

ಆ ಸಾಲುಗಳನ್ನು ನಾನು ಓದಿದ್ದೆ. 'ಹೋಟೆಲಿನಲ್ಲಿ ಊರಿಗೆಲ್ಲ ಬಡಿಸಿದವನು ನಾನು. ಅವಳಿಗೆ ಬಡಿಸಿದ್ದು ಒಂದೇ ಸಲ, ಆಸ್ಪತ್ರೆಯಲ್ಲಿ. ಗಂಜಿ ಕುಡಿಸುವಾಗ ಅವಳು ನಾಚಿದಳು.' ಬೇಡ ಎನ್ನಲು ಬಾಯಿ ತೆರೆದೆ.

"ತಡಿ, ತಡಿ!" ಮಾಮ ಎದ್ದೇ ಬಿಟ್ಟರು. "ಪುಟದಲ್ಲಿರುವ ನನ್ನ ಫೋಟೊ ತೆಗೆದುಹಾಕ್ಲಿಕ್ಕೆ ಹೇಳಮ್ಮಾ."

"ಬರೆದವರೆಲ್ಲರದ್ದೂ ಫೋಟೊ ಉಂಟಲ್ಲ ಮಾಮ?"

"ನನ್ನ ಮುಖ ಅವಳು ಬೇಕಾದಷ್ಟು ನೋಡಿದ್ದಾಳೆ. ಈ ಮಾತು ಮಾತ್ರ ನಾನು ಅವಳ ಹತ್ರ ಹೇಳಲೇ ಇಲ್ಲ."

ಫೋಟೊ ಹೋಯಿತು. ಸಾಲುಗಳು ಇಳಿದು ಕೂತವು. ಕೆಂಪು ಗುರುತು ಮಾಯವಾಯಿತು.

ಸಂಚಿಕೆ ಮನೆಗೆ ಬಂದ ದಿನ ನಮ್ಮ ಯಜಮಾನರು ಮಾಮನ ಪುಟ ಓದಿ ಮಡಚಿಟ್ಟರು. ಊಟದ ಹೊತ್ತಿಗೆ ಸೌಟು ತಾವೇ ಹಿಡಿದು, "ನೀನು ಕೂತ್ಕೊ" ಎಂದರು. ಸಾರು ಮೇಜಿನ ಮೇಲೆ ತುಸು ಚೆಲ್ಲಿತು. ಒರೆಸಲು ನಾನು ಏಳಲಿಲ್ಲ.