ರಾಳದ ಡಬ್ಬಿಯಲ್ಲಿದ್ದ ಸ್ವರ

ಪಿಟೀಲು, ಕೊಳಲು, ತಬಲ, ಮ್ಯಾಂಡೊಲಿನ್, ಕೀಬೋರ್ಡ್ ಎಲ್ಲವನ್ನೂ ಒಂದಷ್ಟು ನುಡಿಸುತ್ತೇನೆ. ಸೋಮವಾರ ಹುಣಸೂರು, ಬುಧವಾರ ಪಿರಿಯಾಪಟ್ಟಣ ಅಂತ ಬಸ್ಸಿನಲ್ಲಿ ಓಡಾಡಿ ಪಾಠ ಹೇಳುತ್ತೇನೆ. ಇವರಿಗೆ ಬಾರದ ವಾದ್ಯವೇ ಇಲ್ಲ ಅಂತ ಜನ ಹೊಗಳುತ್ತಾರೆ. ಹೊಗಳಲಿ, ಬೇಡ ಅನ್ನುವಷ್ಟು ದೊಡ್ಡವನಲ್ಲ ನಾನು. ನಿಜ ಹೇಳಬೇಕೆಂದರೆ, ಹಾರ್ಮೋನಿಯಂ ಕಂಡರೆ ನನಗೆ ಹೆದರಿಕೆ. ಅದರಿಂದ ತಪ್ಪಿಸಿಕೊಳ್ಳಲು ಉಳಿದದ್ದನ್ನೆಲ್ಲ ಕಲಿತೆ.

ಕೆ.ಆರ್. ನಗರದಲ್ಲಿ ನನಗೆ ಸಂಗೀತ ಕಲಿಸಿದ ಮೇಷ್ಟ್ರು ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ನನಗಾಗ ಹದಿಮೂರು. ಸದ್ದು ಎಲ್ಲಿಂದ ಬರುತ್ತದೋ ನೋಡೋಣವೆಂದು ಅವರಿಲ್ಲದಾಗ ಪೆಟ್ಟಿಗೆ ಬಿಚ್ಚಿ, ನಿಷಾದದ, ಅಂದರೆ 'ನಿ' ಸ್ವರ ಹೊರಡಿಸುವ, ಹಿತ್ತಾಳೆ ರೀಡು ಕಿತ್ತೆ. ಅಷ್ಟರಲ್ಲಿ ಅವರ ಚಪ್ಪಲಿ ಸದ್ದು. ಮುಚ್ಚಳ ಮುಚ್ಚಿದೆ, ರೀಡು ಜೇಬಿನಲ್ಲೇ ಉಳಿಯಿತು.

"ಯಾರ್ಲಾ ಪೆಟ್ಗೆ ಮುಟ್ಟಿದ್ದು?" ಅಂದರು. ನಾನು ಬಾಯಿ ಬಿಡಲಿಲ್ಲ.

ಹೊಸದು ಹಾಕಿಸಿ ಅಂದವರಿಗೆಲ್ಲ ಅವರದು ಒಂದೇ ಮಾತು: "ತಗಂಡೋನೇ ತಂದ್ ಹಾಕ್ಲಿ ಬುಡಿ." ಆಮೇಲೆ ನಿಷಾದ ಬಂದಾಗಲೆಲ್ಲ ಉಂಗುರದ ಬೆರಳಿನಿಂದ ಮರವನ್ನು ಟಕ್ ಎಂದು ಕುಟ್ಟಿ ಮುಂದೆ ಹೋಗುತ್ತಿದ್ದರು, ಸಾಯುವವರೆಗೂ. ರೀಡು ನನ್ನ ಪಿಟೀಲಿನ ಕಮಾನಿಗೆ ಹಚ್ಚುವ ರಾಳದ ಡಬ್ಬಿಯಲ್ಲೇ ಇತ್ತು. ಕೊಡುವ ಧೈರ್ಯ ಬರಲಿಲ್ಲ, ಎಸೆಯುವ ಧೈರ್ಯವೂ ಬರಲಿಲ್ಲ.

ಹೋದ ವರ್ಷ ಎಚ್.ಡಿ. ಕೋಟೆ ಕಡೆಯ ಹಂಪಾಪುರದಿಂದ ಹೊಸ ಪಾಠಕ್ಕೆ ಕರೆ ಬಂತು. ಮಟಮಟ ಮಧ್ಯಾಹ್ನ ಆ ಮನೆಯ ಬಾಗಿಲಲ್ಲಿ ನಿಂತಾಗ ಒಳಗಿಂದ ಹಾರ್ಮೋನಿಯಂ ಕೇಳಿಸಿತು. ಸ, ರಿ, ಗ, ಮ, ಪ, ದ. ಆಮೇಲೆ ಟಕ್. ಮೇಷ್ಟ್ರು ತೀರಿಕೊಂಡು ಎಂಟು ವರ್ಷವಾಗಿತ್ತು.

ಒಳಗೆ ನನ್ನದೇ ವಯಸ್ಸಿನ ಒಬ್ಬ ರೈತ ಹೆಂಗಸು ಕೂತಿದ್ದರು. ಮುಂದೆ ಅದೇ ಪೆಟ್ಟಿಗೆ. ಮುಚ್ಚಳದ ಮೇಲೆ ಮೇಷ್ಟ್ರ ಊದಿನಕಡ್ಡಿ ಸುಟ್ಟ ಕಲೆ ಹಾಗೇ ಇತ್ತು.

"ಹೀಗೆ ಕುಟ್ಟೋದನ್ನ ಯಾರು ಹೇಳಿಕೊಟ್ಟರಮ್ಮ?"

"ಯಾರೂ ಇಲ್ಲ ಸಾ. ಭಜನೆಯೋರು ಕೊಟ್ಟ ಪೆಟ್ಗೆ. ಅಲ್ಲಿಗ್ ಬಂದ್ರೆ ಬೆರಳು ತಾನಾಗೇ ಕುಟ್ತದೆ. ಬ್ಯಾಡ ಅಂದ್ರೂ ಕೇಳಾಕಿಲ್ಲ."

ನಾನು ಪಿಟೀಲಿನ ಜೊತೆಗಿದ್ದ ರಾಳದ ಡಬ್ಬಿ ತೆರೆದೆ. ರೀಡಿನ ಮೇಲಿನ ಪುಡಿ ಒರೆಸಿ, ಪೆಟ್ಟಿಗೆ ಬಿಚ್ಚಿ ಅದರ ಜಾಗಕ್ಕೆ ಕೂರಿಸಿದೆ. ನುಡಿಸಿ ಅಂದೆ.

ನಿಷಾದ ಬಂತು, ಸ್ವಲ್ಪ ಒರಟಾಗಿ. ಅದರ ಜೊತೆಗೇ ಟಕ್.

ಆಕೆಯ ಒಂದು ಕೈ ತಿದಿ ಒತ್ತುತ್ತಿತ್ತು, ಇನ್ನೊಂದು ನಿಷಾದದ ಮೇಲೇ ಇತ್ತು. ಗಾಬರಿಯಿಂದ ನನ್ನ ಕಡೆ ನೋಡಿದರು. "ಈಗ ಕುಟ್ಟಿದ್ ಯಾರು ಸಾ?"

ನನ್ನ ಕೈ ನೋಡಿಕೊಂಡೆ. ಉಂಗುರದ ಬೆರಳು ಪೆಟ್ಟಿಗೆಯ ಮರದ ಮೇಲಿತ್ತು. ಯಾವಾಗ ಅಲ್ಲಿಗೆ ಹೋಯಿತೋ ನನಗೆ ಗೊತ್ತಿಲ್ಲ.

ಪೆಟ್ಟಿಗೆಯ ಕಡೆ ಬಗ್ಗಿ ಹೇಳಿದೆ:

"ನಾನೇ ಮೇಷ್ಟ್ರೇ. ಅವತ್ತು ಮುಟ್ಟಿದ್ದು ನಾನೇ."