ಒಂದು ಉಕ್ಕಿನ ಬೋಲ್ಟು

ಪ್ರಯೋಗಾಲಯದ ನೆಲಮಾಳಿಗೆಯ ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಆ ಮನುಷ್ಯನನ್ನು ಎಲ್ಲರೂ ಫಿಟ್ಟರಣ್ಣ ಎಂದೇ ಕರೆಯುತ್ತಿದ್ದರು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಮಾಡಿದ್ದನ್ನು ಮೂಲೆಗೆಸೆದು ಮೊದಲಿನಿಂದ ಶುರುಮಾಡುವವರು.

ಮೇಲಿನ ಮಹಡಿಯಲ್ಲಿ ಕ್ವಾಂಟಂ ಕಂಪ್ಯೂಟರಿನ ಕೆಲಸ. ಉಗುರಿನಷ್ಟು ಸಿಲಿಕಾನ್ ಚೂರು, ಅದರೊಳಗೆ ರಂಜಕದ ಪರಮಾಣು. ಅದರ ನ್ಯೂಕ್ಲಿಯಸ್ ಪುಟ್ಟ ಅಯಸ್ಕಾಂತದ ಹಾಗೆ. ಅದು ಯಾವ ದಿಕ್ಕಿಗೆ ನಿಂತಿದೆ ಎನ್ನುವುದೇ ಅದರ ನೆನಪು. ಸುತ್ತಲಿನ ಕಾಂತಕ್ಷೇತ್ರ ಒಂದಿಷ್ಟು ನಡುಗಿದರೂ ನೆನಪು ಕಲಸಿಹೋಗುತ್ತದೆ. ಅರ್ಧ ನಿಮಿಷ ಉಳಿಯಬೇಕಾದದ್ದು ಇಲ್ಲಿ ಎರಡು ಸೆಕೆಂಡೂ ಉಳಿಯುತ್ತಿರಲಿಲ್ಲ. ಅದನ್ನು ಅಳೆಯುವ ಕೆಲಸದಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ ಮೂರು ವರ್ಷ ಹೆಣಗಿದಳು. ಚೂರು ಬದಲಿಸಿದಳು, ತಂತಿ ಬದಲಿಸಿದಳು. ಕೊನೆಗೆ ಪ್ರೊಫೆಸರು, "ನಿನ್ನ ಕೈಯೇ ಸರಿಯಿಲ್ಲಮ್ಮ, ಬೇರೆ ಏನಾದ್ರೂ ನೋಡ್ಕೋ" ಎಂದರು. ಅವಳು ಹೊರಟೇಹೋದಳು.

ಮರುವರ್ಷ ಫಿಟ್ಟರಣ್ಣ ಯಂತ್ರವನ್ನು ಪೂರ್ತಿ ಬಿಚ್ಚಿದರು. ಚೂರು ಕೂರುವ ಪೀಠವನ್ನು ಅಡಿಯಿಂದ ಹಿಡಿದಿದ್ದ ನಾಲ್ಕು ಬೋಲ್ಟುಗಳಲ್ಲಿ ಮೂರು ಹಿತ್ತಾಳೆಯವು, ಒಂದು ಉಕ್ಕಿನದು. ಜೋಡಿಸಿದ ದಿನ ಹಿತ್ತಾಳೆಯದು ಒಂದು ಕಡಿಮೆ ಬಿದ್ದಿತ್ತು. ನಾಳೆ ಬದಲಿಸಿದರಾಯಿತು ಎಂದು ತಾವೇ ಹಾಕಿ ಮರೆತಿದ್ದರು. ಹಿತ್ತಾಳೆಗೆ ಅಯಸ್ಕಾಂತ ಅಂಟದು, ಉಕ್ಕಿಗೆ ಅಂಟುತ್ತದೆ; ಯಂತ್ರವನ್ನು ತಂಪಾಗಿಡುವ ಪಂಪು ಓಡಿದಾಗಲೆಲ್ಲ ಆ ಬೋಲ್ಟು ಅದುರಿ, ಕಾಂತಕ್ಷೇತ್ರವನ್ನೂ ಅದುರಿಸುತ್ತಿತ್ತು. ಸದ್ದಿಲ್ಲದೆ ಬದಲಿಸಿದರು. ಆ ವಾರವೇ ನೆನಪು ಮೂವತ್ತೊಂದು ಸೆಕೆಂಡು ನಿಂತಿತು. ಮೇಲೆ ಚಪ್ಪಾಳೆ.

ಹೀಗೇ ಎರಡು ತಿಂಗಳು ಕಳೆಯಿತು. "ತಟ್ಟೆ ಮುಂದಿಟ್ಕೊಂಡು ಗೋಡೆ ನೋಡ್ತೀರಲ್ಲ, ಅದೇನು ನುಂಗಿದೀರೋ ಉಗುಳಿ" ಎಂದಳು ಹೆಂಡತಿ. ಮರುದಿನ ಪ್ರೊಫೆಸರ ಕೋಣೆಗೆ ಹೋದರು.

"ತಪ್ಪು ನಂದು ಸಾರ್. ಆ ಹುಡುಗೀನ ವಾಪಸ್ ಕರೀರಿ."

ಪ್ರೊಫೆಸರು ಎದ್ದು ಬಾಗಿಲು ಹಾಕಿದರು. "ನನ್ನ ಹೊಸ ವಿಧಾನದಿಂದ ಸರಿಹೋಯ್ತು ಅಂತ ಲೇಖನ ಹೋಗಿ ಆಗಿದೆ. ಬಾಯಿ ಮುಚ್ಕೊಂಡಿರಿ."

ಆ ವಿದ್ಯಾರ್ಥಿನಿ ಈಗ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಫಿಟ್ಟರಣ್ಣ ಅಲ್ಲಿಗೇ ಹೋಗಿ ನಡೆದದ್ದು ಹೇಳಿದರು. ಗಾಜು ಒರೆಸುತ್ತಲೇ ಎಲ್ಲ ಕೇಳಿದಳು.

"ಇಷ್ಟು ದಿನ ನನ್ನ ಕೈಯನ್ನೇ ಬೈಕೊಂಡೆ ಅಣ್ಣ. ಕ್ಷಮಿಸಿದೆ ಅಂದ್ರೆ ನಿಮಗೆ ಹಗುರ ಆಗುತ್ತೆ. ನಾನು ಅನ್ನಲ್ಲ. ಬರೆದು ಕೊಡ್ತೀರಾ?"

"ಕೊಡ್ತೀನಮ್ಮ."

ಫಿಟ್ಟರಣ್ಣ ಪ್ರಯೋಗಾಲಯದ ನಿರ್ದೇಶಕರಿಗೆ ಎಲ್ಲ ಬರೆದು ಸಹಿ ಹಾಕಿದರು. ಪ್ರತಿಯನ್ನು ಅವಳಿಗೂ ಕೊಟ್ಟರು. 'ವಿಷಯ ಮುಕ್ತಾಯವಾಗಿದೆ' ಎಂದು ಒಂದು ಸಾಲಿನ ಉತ್ತರ ಬಂತು. ಜೊತೆಗೇ ಫಿಟ್ಟರಣ್ಣನಿಗೆ ವರ್ಗಾವಣೆ: ನಿವೃತ್ತಿಯವರೆಗೂ ಹಾಸ್ಟೆಲಿನ ನಲ್ಲಿ ರಿಪೇರಿ.

ಅವಳು ಆ ಕಾಗದ ತೋರಿಸಿ ಸಂಶೋಧನೆಗೆ ಸೇರಲು ಬೇರೆ ಎರಡು ಕಡೆ ಅರ್ಜಿ ಹಾಕಿದಳು. ಎರಡೂ ಕಡೆ, ವಯಸ್ಸು ಮೀರಿದೆ ಎಂದರು.