ಇಪ್ಪತ್ತನಾಲ್ಕು ಸೆಂಟಿಮೀಟರ್

ಸರ್ ಅವರ ಬಲಗೈ ಹೆಬ್ಬೆರಳಿನ ಉಗುರಿನ ತುದಿಯಲ್ಲಿ ಸಣ್ಣದೊಂದು ಕಚ್ಚು ಇತ್ತು. ವರ್ಷಗಟ್ಟಲೆ ದಾರ ಒತ್ತಿ ಒತ್ತಿ ಬಿದ್ದದ್ದು. ನೇರ ಗೆರೆಯನ್ನು ಯಾರು ಬೇಕಾದರೂ ಅಳೆಯಬಹುದು. ಡೊಂಕು ಗೆರೆ ಅಳೆಯಬೇಕಾದರೆ ನಮ್ಮ ಸರ್ ಬೇಕು. ಮೇಣ ತಿಕ್ಕಿದ ದಾರವನ್ನು ಗೆರೆಯ ಮೇಲಿಟ್ಟು, ಆ ಉಗುರಿನಿಂದ ಒತ್ತುತ್ತಾ ಸಾಗಿ, ಕೊನೆಗೆ ಮಸಿಯ ಚುಕ್ಕೆ ಇಟ್ಟು, ದಾರವನ್ನು ಅಳತೆಪಟ್ಟಿಯ ಮೇಲೆ ಚಾಚುತ್ತಿದ್ದರು. ಅಷ್ಟು ಹೊತ್ತು ಅವರು ಉಸಿರಾಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ.

ಕಮಲಾಪುರದ ಹೈಸ್ಕೂಲಿನಲ್ಲಿ ಅವರು ಡ್ರಾಯಿಂಗ್ ಮಾಸ್ತರು. ಎಂಬತ್ತರ ದಶಕದಲ್ಲಿ ನಾನು ಎಂಟನೆಯ ತರಗತಿಗೆ ಬಂದಾಗ ಗಣಿತದ ಹುದ್ದೆ ಖಾಲಿ ಇತ್ತು; ರೇಖಾಗಣಿತ ಇವರ ತಲೆಗೆ ಬಿತ್ತು. ಡಿಗ್ರಿ ಇಲ್ಲ ಎಂಬ ಅಳುಕು ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ಅದಕ್ಕೇ ಇರಬೇಕು, ಪುಸ್ತಕದಲ್ಲಿದ್ದುದನ್ನು ತಾವು ಅಳೆದು ನೋಡದೆ ನಮಗೆ ಹೇಳುತ್ತಿರಲಿಲ್ಲ. ದಾರ ಕೊಳ್ಳಲು ಕಲಬುರಗಿಯ ಮೋಮಿನಪುರಕ್ಕೇ ಹೋಗಬೇಕು. ಅಂಗಡಿಯವನ ಎದುರಿಗೇ ಎಳೆದು ನೋಡುವುದು, ಹಿಗ್ಗಿದರೆ ವಾಪಸ್ ಕೊಡುವುದು. "ಪತಂಗ ಹಾರಸ್ತೀರೇನ್ರಿ ಸರ್?" ಎಂದು ಅವನು ಕೇಳಿದ್ದನ್ನು ತಾವೇ ನಮಗೆ ಹೇಳಿ ನಗುತ್ತಿದ್ದರು.

ಒಮ್ಮೆ ಎಲ್ಲರ ಕೈಗೂ ಒಂದೊಂದು ಕೆಂಪು ಬಾಳೆಹಣ್ಣು, ಸುತ್ತಿಟ್ಟ ಒಂದು ತುಂಡು ದಾರ ಕೊಟ್ಟು, ಅದರ ಬೆನ್ನಿನ ಉದ್ದ ಅಳೆಯಲು ಹೇಳಿದರು. ನಾನು ಸೋಮಾರಿ. ಪಕ್ಕದವಳು ಬರೆದದ್ದಕ್ಕೆ ಅರ್ಧ ಸೆಂಟಿಮೀಟರ್ ಸೇರಿಸಿ ಬರೆದುಬಿಟ್ಟೆ. ಸರ್ ಬಂದು ಬಗ್ಗಿ, ಬೇರೆ ಯಾರಿಗೂ ಕೇಳದಂತೆ ಅಂದರು: "ನಿನ್ನ ದಾರ ಸುತ್ತಿದ್ದು ಸುತ್ತಿದಂಗೇ ಅದಲ್ಲವ್ವಾ. ನಾ ಹೊರಗ ಹೋಗಿ ನೀರು ಕುಡದು ಬರ್ತೀನಿ. ಅಷ್ಟರಾಗ ಅಳದು ಬರಿ." ಆವತ್ತು ಅವರಿಗೆ ನೀರು ಕುಡಿಯಲು ಹತ್ತು ನಿಮಿಷ ಹಿಡಿಯಿತು. ತರಗತಿಗೆ ಏನೂ ಗೊತ್ತಾಗಲಿಲ್ಲ.

ಹಾಗೆ ಅವರು ನನ್ನ ಮಾನ ಕಾಪಾಡಿದರು. ನಾನು ಅವರಿಗೆ ಏನು ಮಾಡಿದೆ ಎಂಬುದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ.

ಇಪ್ಪತ್ತು ವರ್ಷ ಕಳೆದು ನಾನು ಕಲಬುರಗಿಯಲ್ಲಿ ಗಣಿತದ ಉಪನ್ಯಾಸಕಿಯಾಗಿದ್ದೆ. ಹೈಸ್ಕೂಲ್ ಶಿಕ್ಷಕರಿಗೆ ರೇಖಾಗಣಿತದ ಸಾಫ್ಟ್‌ವೇರ್ ಕಲಿಸುವ ಕೆಲಸ ನನಗೆ ಬಂತು. ಐವಾನ್-ಎ-ಶಾಹಿ ಕಡೆಯ ಒಂದು ಸಭಾಂಗಣದಲ್ಲಿ ತರಬೇತಿ. ಕಮಲಾಪುರದಿಂದ ಬಂದವರು ನಮ್ಮ ಸರ್! ಗಣಿತದ ಹುದ್ದೆ ಮತ್ತೆ ಖಾಲಿಯಂತೆ. ಅವರ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಕೈಚೀಲದಲ್ಲಿ ನನಗೆಂದು ಬಾಳೆಹಣ್ಣು ತಂದಿದ್ದರು.

ಉರುಳುವ ಚಕ್ರದ ಅಂಚಿನಲ್ಲಿರುವ ಬಿಂದು ಒಂದು ಸುತ್ತಿನಲ್ಲಿ ಎಳೆಯುವ ಕಮಾನನ್ನು ಪರದೆಯ ಮೇಲೆ ತೋರಿಸಿದೆ. ಚಕ್ರದ ತ್ರಿಜ್ಯ ಮೂರು ಸೆಂಟಿಮೀಟರ್. ಕಮಾನಿನ ಮೇಲೆ ಬಿಂದುಗಳನ್ನು ಇಟ್ಟು, ಅವುಗಳ ಪಟ್ಟಿ ಮಾಡಿ, ಉದ್ದ ಕೇಳುವ ಆಜ್ಞೆಯನ್ನು ಟೈಪ್ ಮಾಡಿದೆ. ಇಪ್ಪತ್ತೈದು ಎಂದು ಉತ್ತರ ಬಂತು. ಅದೇ ಅಳತೆಯಲ್ಲಿ ಮುದ್ರಿಸಿದ ಕಮಾನಿನ ಹಾಳೆಯನ್ನು ಎಲ್ಲರಿಗೂ ಹಂಚಿದ್ದೆ. ಹಿಂದಿನ ಸಾಲಿನಲ್ಲಿ ಸರ್ ಆಗಲೇ ದಾರ ತೆಗೆದಿದ್ದರು.

"ಮೇಡಂ, ನನಗ ಇಪ್ಪತ್ನಾಲ್ಕು ಬರ್ಲಾಕತ್ತದ್ರಿ," ಎಂದು ಎದ್ದು ನಿಂತರು. ನನ್ನನ್ನು ಮೇಡಂ ಎಂದರು.

"ದಾರಕ್ಕೂ ವಯಸ್ಸಾಗ್ಯದ್ರಿ ಸರ್," ಎಂದೆ. ನಲವತ್ತು ಜನ ನಕ್ಕರು. ಸರ್ ಕೂಡ ನಕ್ಕರು, ಆದರೆ ಕೂರಲಿಲ್ಲ.

"ಬರೋಬ್ಬರಿ ಇಪ್ಪತ್ತೈದಾ? ಚೂರೂ ಹೆಚ್ಚುಕಮ್ಮಿ ಇಲ್ಲಾ? ಅದು ಹ್ಯಾಂಗ ಅಳೀತದ್ರಿ?"

ಹೇಗೆ ಅಳೆಯುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. "ಕಂಪ್ಯೂಟರ್ ತಪ್ಪಂಗಿಲ್ರಿ ಸರ್, ತಪ್ಪೋರು ನಾವು," ಎಂದೆ. ಅವರು ಕೂತು, ಹಾಳೆಯಲ್ಲಿ ಇಪ್ಪತ್ತನಾಲ್ಕನ್ನು ಹೊಡೆದುಹಾಕಿ ಇಪ್ಪತ್ತೈದು ಎಂದು ಬರೆದುಕೊಂಡದ್ದು ನನಗೆ ಕಾಣಿಸಿತು. ಸಂಜೆ ಹೋಗುವಾಗ ಬಾಳೆಹಣ್ಣಿನ ಚೀಲ ಕೊಟ್ಟು, "ಚಂದ ಕಲಿಸಿದಿ ಯವ್ವಾ," ಎಂದರು.

ಮರುವಾರ ಇನ್ನೊಂದು ತಂಡಕ್ಕೆಂದು ಅದೇ ಚಿತ್ರ ತೆರೆದು ಚಕ್ರವನ್ನು ದೊಡ್ಡದು ಮಾಡಿದೆ. ಆಗಲೂ ಇಪ್ಪತ್ತೈದು. ಚಿಕ್ಕದು ಮಾಡಿದರೂ ಇಪ್ಪತ್ತೈದು. ಆ ಆಜ್ಞೆಯ ವಿವರಣೆ ತೆರೆದು ಓದಿದೆ. ಪಟ್ಟಿಯೊಂದನ್ನು ಕೊಟ್ಟರೆ ಆ ಆಜ್ಞೆ ಗೆರೆಯ ಉದ್ದ ಹೇಳುವುದೇ ಇಲ್ಲ. ಪಟ್ಟಿಯಲ್ಲಿ ಎಷ್ಟು ಬಿಂದುಗಳಿವೆ ಎಂದು ಎಣಿಸಿ ಹೇಳುತ್ತದೆ. ನಾನು ಇಟ್ಟದ್ದು ಇಪ್ಪತ್ತೈದು ಬಿಂದು. ಮೂರರ ತ್ರಿಜ್ಯ ಇಟ್ಟು, ಈ ಸಲ ಕಮಾನನ್ನೇ ಕೊಟ್ಟು ಸರಿಯಾಗಿ ಕೇಳಿದೆ. ಇಪ್ಪತ್ತನಾಲ್ಕು ಬಂತು.

ಎರಡು ದಿನಕ್ಕೆ ಸರ್ ಅವರ ಕಾರ್ಡು ಬಂತು. "ಆ ಹಾಳೆಯನ್ನು ಒಂಬತ್ತು ಸಲ ಅಳೆದೆ. ಪ್ರತಿ ಸಲವೂ ಇಪ್ಪತ್ತನಾಲ್ಕೇ ಬರುತ್ತದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ ತಿಳಿಸು. ಮಕ್ಕಳಿಗೆ ಹೇಳಬೇಕು."

ಬಸ್ಸು ಹತ್ತಿದರೆ ಒಂದು ತಾಸಿನ ದಾರಿ. ನಾನು ಹೋಗಲಿಲ್ಲ, ಬರೆಯಲೂ ಇಲ್ಲ. ಪರೀಕ್ಷೆ ಬಂತು, ಜ್ವರ ಬಂತು, ನೆಪಕ್ಕೇನು ಬರ. ನಿಜ ಬೇರೆಯೇ ಇತ್ತು. ಆ ನಲವತ್ತು ಜನಕ್ಕೆ ಗೊತ್ತಾದರೆ ಮುಂದಿನ ತರಬೇತಿಗೆ ನನ್ನನ್ನು ಯಾರು ಕರೆಯುತ್ತಾರೆ ಎಂದು ಹೆದರಿದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯ ಆಗುತ್ತಿದೆ.

ನಿವೃತ್ತಿಗೆ ಎರಡು ತಿಂಗಳಿರುವಾಗ ಸರ್ ಹೋಗಿಬಿಟ್ಟರು. ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಹೆಡ್‌ಮಾಸ್ತರು ಎದ್ದು ಹೇಳಿದರು: "ತರಬೇತಿಯಿಂದ ಬಂದು ತಿಂಗಳಾಗಿತ್ತು. ಸರ್ ಪ್ರಾರ್ಥನಾದಾಗ ನಿಂತು ಹುಡುಗರ ಮುಂದ ಮಾಫಿ ಕೇಳಿದ್ರು. ಇಷ್ಟು ವರ್ಷ ನಾ ನಿಮಗ ತಪ್ಪು ಅಳತಿ ಕಲಿಸೀನಿ, ನನ್ನ ದಾರ ನಂಬಬ್ಯಾಡ್ರಿ ಅಂದ್ರು. ಎಂಥಾ ದೊಡ್ಡ ಮನಸ್ಸು ನೋಡ್ರಿ! ಅವರನ್ನ ತಿದ್ದಿದ ಶಿಷ್ಯೆ ಇಲ್ಲೇ ಕುಂತಾರ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೈ ಮುಗಿದೆ.

ಸಭೆ ಮುಗಿದ ಮೇಲೆ ಸರ್ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ನಿಮ್ಮ ಕಾಗದ ಬಂದದೇನು ಅಂತ ದಿನಾ ಕೇಳ್ತಿದ್ರವ್ವಾ. ಅವರ ಅಳತಿ ಎಲ್ಲಿ ತಪ್ಪಿತ್ತು? ಈಗರೆ ಹೇಳ್ರಿ, ನಾನರೆ ತಿಳಕೋತೀನಿ."

ಸುತ್ತ ಹೆಡ್‌ಮಾಸ್ತರು, ಶಿಕ್ಷಕರು ನಿಂತಿದ್ದರು. "ಅಂಥಾ ತಪ್ಪು ಯಾರಿಗಾದ್ರೂ ಆಗ್ತದ್ರಿ ಅಮ್ಮಾ," ಎಂದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೌದವ್ವಾ, ವಯಸ್ಸಾಗಿತ್ತು, ಕಣ್ಣು ಮಂಜಾಗಿದ್ವು," ಎಂದು ಅವರ ಪರವಾಗಿ ನನ್ನ ಕ್ಷಮೆ ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.